ಕವಲಿನಲ್ಲಿ ಯಾರ ಹೆಸರೂ ಇಲ್ಲ

ಪ್ರೀತಿಯ ಅತ್ತಿಗೆ,

ಮೊನ್ನೆ ನೀವು ಫೋನಿನಲ್ಲಿ ಕೇಳಿದ ಪ್ರಶ್ನೆಗೆ ನನಗೆ ಬಾಯಿ ಬರಲಿಲ್ಲ. "ನಿಮ್ಮ ಲ್ಯಾಬಿನೋರು ಬಿಡಿಸಿದ ಆ ಮರದಲ್ಲಿ ನಾನು ಎಲ್ಲಿದ್ದೀನಿ? ನೀನಾದ್ರೂ ನಿಜ ಹೇಳೇ," ಅಂದಿರಿ. ಸ್ವಲ್ಪ ಹೊತ್ತು ಕಾದು ನೀವೇ ಫೋನ್ ಇಟ್ಟಿರಿ. ಬಾಯಲ್ಲಿ ಹೇಳಲಾಗದ್ದನ್ನು ಕಾಗದದ ಮೇಲೆ ಹೇಳುತ್ತಿದ್ದೇನೆ. ಕೊನೆಯ ತನಕ ಓದಿ. ನಡುವೆ ಎಲ್ಲಾದರೂ ನಿಲ್ಲಿಸಿದರೆ ಅರ್ಧ ಸತ್ಯ ಮಾತ್ರ ನಿಮ್ಮ ಕೈಗೆ ಸಿಗುತ್ತದೆ, ಅದು ಸುಳ್ಳಿಗಿಂತ ಕೆಟ್ಟದ್ದು.

ನಿಮ್ಮ ಸ್ಥಿತಿಯನ್ನು ಅಣ್ಣ ಹೇಳಿದ. ಕೈ ತೊಳೆದು ತೊಳೆದು ಬೆರಳ ಸಂದಿಯ ಚರ್ಮ ಬಿರುಕು ಬಿಟ್ಟಿದೆಯಂತೆ. ಎದುರುಮನೆಯ ಮಗು ತೊಡೆ ಹತ್ತಲು ಬಂದರೆ ಎದ್ದು ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತೀರಂತೆ. "ಊಟಕ್ಕೆ ಬಡಿಸೋದಕ್ಕೂ ಹೆದರ್ತಾಳೆ ಕಣೇ, ನಾನೇ ಬಡಿಸ್ಕೊಳ್ತೀನಿ," ಅಂದ. ಅಣ್ಣನ ದನಿ ಅಷ್ಟು ಸಣ್ಣಗಾಗಿದ್ದನ್ನು ನಾನು ಅಮ್ಮ ಹೋದ ದಿನ ಬಿಟ್ಟರೆ ಇನ್ನೆಂದೂ ಕೇಳಿರಲಿಲ್ಲ.

ನೀವು ಮದುವೆಯಾಗಿ ನಮ್ಮ ಮನೆಗೆ ಬಂದ ವರ್ಷವೇ ಅಮ್ಮ ಹಾಸಿಗೆ ಹಿಡಿದಳು. ಆಸ್ಪತ್ರೆಯಲ್ಲಿ ಪಾಳಿ ಮುಗಿಸಿ ಬಂದು, ಯೂನಿಫಾರ್ಮ್ ಕೂಡ ಬದಲಿಸದೆ, ನನ್ನ ತಲೆಯ ಸಿಕ್ಕು ಬಿಡಿಸುತ್ತಿದ್ದಿರಿ. ನಾನು ಎಲ್ಲದಕ್ಕೂ ಎದುರು ವಾದಿಸುತ್ತಿದ್ದೆ. "ನಮ್ಮನೆ ವಕೀಲಮ್ಮ" ಎಂದು ಹೆಸರಿಟ್ಟಿದ್ದೂ ನೀವೇ. ನಾದಿನಿ ಎಂದರೆ ಅತ್ತಿಗೆಗೆ ಶನಿ ಅಂತ ಜನ ತಮಾಷೆ ಮಾಡುತ್ತಾರೆ. ನಮ್ಮಿಬ್ಬರ ಮಟ್ಟಿಗೆ ಆ ತಮಾಷೆ ನಡೆಯಲೇ ಇಲ್ಲ. ನಿಮ್ಮ ಕೈ ನನ್ನ ತಲೆಯ ಮೇಲೆ ಇದ್ದಾಗ ನನಗೆ ನಿದ್ದೆ ಬರುತ್ತಿತ್ತು. ಅದೇ ಕೈಯ ವಿಷಯ ಬರೆಯಬೇಕಾಗಿದೆ ಈಗ.

ತಿಂಗಳು ತುಂಬದೆ ಹುಟ್ಟಿದ ಕೂಸುಗಳ ಆ ವಾರ್ಡಿನ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ. ಒಂದರ ಹಿಂದೊಂದು ಕೂಸು ಹಾಲು ಬಿಟ್ಟಿತು, ಮೈ ತಣ್ಣಗಾಗಿ ಬೂದಿ ಬಣ್ಣಕ್ಕೆ ತಿರುಗಿತು. ನಾಲ್ಕು ಕೂಸುಗಳ ರಕ್ತದಲ್ಲೂ ಒಂದೇ ಜಾತಿಯ ರೋಗಾಣು. ಮೂರು ಕೂಸುಗಳು ಉಳಿದವು. ಕಿಟಕಿ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿದ್ದವನು ಉಳಿಯಲಿಲ್ಲ. ಅವನು ಹುಬ್ಬು ಗಂಟಿಕ್ಕಿ ಮಲಗುತ್ತಿದ್ದ, ನಮ್ಮ ಕೆಲಸವೆಲ್ಲ ತಪಾಸಣೆ ಮಾಡುವ ಹಾಗೆ, ಅಂತ ನೀವು ನಗುತ್ತಿದ್ದಿರಿ. ವಾರ್ಡಿನಲ್ಲೆಲ್ಲ ಅವನಿಗೆ "ಸಾಹೇಬರು" ಎಂದೇ ಹೆಸರು. ಸಾಹೇಬರ ಉಸಿರು ನಿಂತಾಗ ಅವರು ನಿಮ್ಮ ಅಂಗೈಯಲ್ಲೇ ಇದ್ದರು.

ಆಮೇಲೆ ರೋಗಾಣು ಎಲ್ಲಿದೆ ಎಂದು ಹುಡುಕಲು ಎಲ್ಲರ ಕೈಗೂ ಹತ್ತಿಕಡ್ಡಿ ಆಡಿಸಿದರು. ನರ್ಸುಗಳು, ಡಾಕ್ಟರು, ನೆಲ ಒರೆಸುವವರು, ಯಾರನ್ನೂ ಬಿಡಲಿಲ್ಲ. ಬಾಗಿಲ ಹಿಡಿಕೆ, ಮೇಜು, ಫೋನು, ನಲ್ಲಿಯ ತಿರುಗಣೆ, ಅವಕ್ಕೂ ಆಡಿಸಿದರು. ರೋಗಾಣು ಸಿಕ್ಕಿದ್ದು ಒಂದು ಮೇಜಿನ ಅಂಚಿನಲ್ಲಿ, ಒಬ್ಬರೇ ಒಬ್ಬರ ಕೈಯಲ್ಲಿ. ನಿಮ್ಮನ್ನು "ಸ್ವಲ್ಪ ದಿನ ಮನೇಲಿರಿ" ಎಂದು ಕಳಿಸಿದರು. ಆ ಸ್ವಲ್ಪ ದಿನದಲ್ಲಿ ಕಾರಿಡಾರಿನಲ್ಲಿ ಏನೇನು ಗುಸುಗುಸು ನಡೆಯಿತು ಎಂಬುದು ನಿಮ್ಮ ಕಿವಿಗೂ ಬಿದ್ದಿದೆ.

ಆ ಸ್ಯಾಂಪಲ್‌ಗಳು ಬಂದದ್ದು ನಾನು ಕೆಲಸ ಮಾಡುವ ಲ್ಯಾಬಿಗೆ. ಡಬ್ಬಿಯ ಮೇಲಿನ ಸಂಖ್ಯೆಗಳಲ್ಲಿ ಒಂದು ನನಗೆ ಗೊತ್ತಿತ್ತು, ನಿಮ್ಮ ಸ್ಯಾಂಪಲ್ ಸಂಖ್ಯೆಯ ಚೀಟಿ ಕೈಗೆ ಬಂದ ದಿನ ನೀವೇ ಹೇಳಿದ್ದಿರಿ. ನಾನು ನೇರವಾಗಿ ಮೇಡಂ ಹತ್ತಿರ ಹೋದೆ. ಅವರು ನಮ್ಮ ಲ್ಯಾಬಿನ ಮುಖ್ಯಸ್ಥೆ, ಮಾತು ಕಡಿಮೆ, ಕನ್ನಡಕ ಯಾವಾಗಲೂ ಹಣೆಯ ಮೇಲೆ. "ಇದರಲ್ಲಿ ಒಂದು ನಮ್ಮ ಅತ್ತಿಗೇದು ಮೇಡಂ. ನಾನು ಓದೋದು ಸರಿಯಲ್ಲ," ಅಂದೆ. ಅವರು ಕನ್ನಡಕ ಕೆಳಗಿಳಿಸಿ ನನ್ನನ್ನು ನೋಡಿದರು. "ಇಲ್ಲಿ ಓದೋಕೆ ಬರೋರು ನಾವಿಬ್ಬರೇ. ನೀನೊಂದು ಕಡೆ ಕೂತು ಓದು, ನಾನೊಂದು ಕಡೆ ಕೂತು ಓದ್ತೀನಿ. ಎರಡೂ ಓದು ಒಂದೇ ಆದ್ರೆ ಮಾತ್ರ ಇಲ್ಲಿಂದ ಹೊರಗೆ ಹೋಗುತ್ತೆ. ಅಲ್ಲೀತನಕ ಅವರ ಹತ್ರ ಮಾತಾಡಬೇಡ," ಎಂದರು. ನಾನು ಅಷ್ಟು ದಿನ ಫೋನ್ ಮಾಡದಿದ್ದುದು ಅದಕ್ಕೇ, ಅತ್ತಿಗೆ.

ಯಂತ್ರ ಆ ರೋಗಾಣುಗಳ ಒಳಬರಹವನ್ನು, ಅಂದರೆ ಡಿಎನ್‌ಎಯನ್ನು, ಅಕ್ಷರ ಅಕ್ಷರವಾಗಿ ಓದಿತು. ಇನ್ನು ಮರ ಬಿಡಿಸಬೇಕು. ನೀವು ಇಂಥ ಮರ ನೋಡಿಲ್ಲ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ರೋಗಾಣು ಒಂದಿದ್ದದ್ದು ಎರಡಾಗುವಾಗ ತನ್ನ ಬರಹವನ್ನು ನಕಲು ಮಾಡುತ್ತದೆ. ಅಪರೂಪಕ್ಕೆ ಒಂದಕ್ಷರ ತಪ್ಪುತ್ತದೆ. ಆ ತಪ್ಪು ಅದರ ಮಕ್ಕಳಿಗೂ ಮೊಮ್ಮಕ್ಕಳಿಗೂ ಹಾಗೇ ಇಳಿಯುತ್ತದೆ. ಎರಡು ರೋಗಾಣುಗಳಲ್ಲಿ ಒಂದೇ ತಪ್ಪು ಕಂಡರೆ, ಅವೆರಡಕ್ಕೂ ಹಿಂದೆ ಎಲ್ಲೋ ಒಬ್ಬಳೇ ಅಜ್ಜಿ ಇದ್ದಳು ಎಂದು ತಿಳಿಯುತ್ತೇವೆ. ಹೀಗೆ ತಪ್ಪುಗಳನ್ನು ಹೋಲಿಸುತ್ತ ಹೋದರೆ ಒಂದು ಮರ ಮೂಡುತ್ತದೆ. ಪರದೆಯ ಮೇಲೆ ಅದು ಅಡ್ಡ ಮಲಗಿರುತ್ತದೆ. ಎಡಕ್ಕೆ ಬೇರು, ಬಲಕ್ಕೆ ತುದಿಗಳು. ಎಡ ಹಳೆಯ ಕಾಲ, ಬಲ ಇವತ್ತು. ನಮ್ಮ ಕೈಗೆ ಸಿಕ್ಕ ಸ್ಯಾಂಪಲ್‌ಗಳ ಸಂಖ್ಯೆ ತುದಿಗಳಲ್ಲಿ ಮಾತ್ರ ಇರುತ್ತದೆ. ಕವಲೊಡೆಯುವ ಜಾಗದಲ್ಲಿ ಯಾರ ಹೆಸರೂ ಇರುವುದಿಲ್ಲ. ಅಲ್ಲಿ ಒಬ್ಬಳು ಅಜ್ಜಿ ಇದ್ದಳು, ಎಲ್ಲಿದ್ದಳು ಎಂಬುದು ಗೊತ್ತಿಲ್ಲ, ಅಷ್ಟೇ.

ಗುಂಡಿ ಒತ್ತಿದ ಮೇಲೆ ಮರ ಮೂಡಲು ತುಸು ಹೊತ್ತು ಹಿಡಿಯುತ್ತದೆ. ನಾನು ಪರದೆ ನೋಡಲಾರದೆ ಗೋಡೆಯ ಕಡೆ ತಿರುಗಿ ಕೂತೆ. ನೀವು ತಪ್ಪಿತಸ್ಥರಾಗಿ ಕಂಡುಬಿಟ್ಟರೆ ಎಂಬ ಭಯ ಇತ್ತು, ಇಲ್ಲ ಎನ್ನುವುದಿಲ್ಲ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ನಿಮ್ಮ ತಪ್ಪಿಲ್ಲ ಎಂದು ಹೇಳಬೇಕೆಂಬ ಆಸೆ ನನ್ನೊಳಗೆ ಎಷ್ಟು ಗಟ್ಟಿಯಾಗಿತ್ತು ಎಂದರೆ, ಇಲ್ಲದ್ದು ನನ್ನ ಕಣ್ಣಿಗೆ ಕಂಡುಬಿಟ್ಟೀತು ಎಂದು ನನಗೆ ನನ್ನ ಮೇಲೇ ಭಯ.

ತಿರುಗಿ ನೋಡಿದೆ. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ನಿಮ್ಮ ಸಂಖ್ಯೆ ಇತ್ತು.

ಮೇಲಿನ ಸಾಲು ಎಂದರೆ ಏನೂ ಅಲ್ಲ ಎಂದು ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ ಪಾಠ ಮಾಡುವವಳು ನಾನು. ಆದರೂ ಎದೆ ಧಸಕ್ಕೆಂದಿತು. ನನಗೇ ಹಾಗಾದರೆ ಬೇರೆಯವರಿಗೆ ಹೇಗಾದೀತು ಎಂದು ಯೋಚಿಸುವಷ್ಟರಲ್ಲಿ ಆ ಚಿತ್ರ ಆಸ್ಪತ್ರೆಗೆ ತಲುಪಿಬಿಟ್ಟಿತ್ತು. ಓದು ಮುಗಿಯುವ ಮೊದಲೇ, ಮೇಡಂ ಒಪ್ಪಿಗೆಯಿಲ್ಲದೆ, ನಮ್ಮವರೇ ಯಾರೋ ಅವಸರಪಟ್ಟು ಕಳಿಸಿದ್ದರು.

ಆಸ್ಪತ್ರೆಯವರು ಕರೆದ ಸಭೆಗೆ ಮೇಡಂ ಮತ್ತು ನಾನು ಹೋದಾಗ ಅಲ್ಲಿನ ಆಡಳಿತಾಧಿಕಾರಿ ಅದನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿ ಗೋಡೆಗೆ ಅಂಟಿಸಿದ್ದರು. ಮೇಲಿನ ಸಾಲಿಗೆ ಕೆಂಪು ಇಂಕಿನ ಸುತ್ತು. ಕಿಟಕಿಯೆಲ್ಲ ಮುಚ್ಚಿದ ಕೋಣೆ, ಉದ್ದ ಮೇಜು, ಯಾರೂ ಮುಟ್ಟದ ನೀರಿನ ಲೋಟಗಳು. ಅವರು ಕೆಟ್ಟ ಮನುಷ್ಯರಲ್ಲ ಅತ್ತಿಗೆ, ಹೆದರಿದ ಮನುಷ್ಯರು. ಹೆದರಿದವರಿಗೆ ಒಂದು ಹೆಸರು ಬೇಕಾಗಿರುತ್ತದೆ. "ನೋಡಿ, ಮೊದಲನೇ ಸಾಲು ಸ್ಟಾಫಿಂದು. ಕೆಳಗಡೆ ಮಕ್ಕಳು. ಮೇಲಿಂದ ಕೆಳಕ್ಕೆ ಇಳಿದು ಬಂದಿದೆ. ಇದರಲ್ಲಿ ತಿಳ್ಕೊಳ್ಳೋಕೆ ಇನ್ನೇನಿದೆ?" ಎಂದರು. ಮೇಜಿನ ಸುತ್ತ ಕೂತವರು ತಲೆಯಾಡಿಸಿದರು.

ಮೇಡಂ ನನ್ನ ಕಡೆ ನೋಡಿದರು. ನಾನು ಎದ್ದೆ. ಅದೇ ಮರವನ್ನು ಕೋಣೆಯ ಪರದೆಯ ಮೇಲೆ ತೆರೆದೆ. "ಇದನ್ನ ಮೇಲಿಂದ ಕೆಳಕ್ಕೆ ಓದಬಾರದು ಸರ್. ಎಡದಿಂದ ಬಲಕ್ಕೆ ಓದಬೇಕು. ಯಾವ ಕವಲನ್ನ ಬೇಕಾದ್ರೂ ತಿರುಗಿಸಬಹುದು, ಅರ್ಥ ಬದಲಾಗಲ್ಲ," ಎಂದು ಬೇರಿನ ಹತ್ತಿರದ ಕವಲಿನ ಮೇಲೆ ಒತ್ತಿದೆ. ಮರ ಮಗ್ಗುಲು ಬದಲಿಸಿತು. ನಿಮ್ಮ ಸಂಖ್ಯೆ ಕೆಳಗೆ ಹೋಯಿತು. ಮೇಲಿನ ಸಾಲಿಗೆ ಬಂದದ್ದು ಎರಡು ವಾರದ ಒಂದು ಹೆಣ್ಣುಕೂಸು. "ಒಂದಕ್ಷರವನ್ನೂ ನಾನು ಬದಲಾಯಿಸಿಲ್ಲ. ನಿಮ್ಮ ಲೆಕ್ಕದಲ್ಲಿ ಈಗ ಇದನ್ನೆಲ್ಲ ಶುರು ಮಾಡಿದ್ದು ಈ ಕೂಸು."

ನಾನು ಮುಂದುವರಿಸಿದೆ. ತುದಿಯಲ್ಲಿರುವವರೆಲ್ಲ ಇವತ್ತಿನವರು, ಅಕ್ಕತಂಗಿಯರು, ದಾಯಾದಿಗಳು. ಅಕ್ಕನ ಹೆಸರನ್ನು ಮೇಲೆ ಬರೆದ ಮಾತ್ರಕ್ಕೆ ಅವಳು ತಂಗಿಯನ್ನು ಹೆತ್ತಳು ಎನ್ನುವುದಿಲ್ಲ. ಹೆತ್ತವಳು ಕವಲಿನಲ್ಲಿದ್ದಾಳೆ, ಆ ಕವಲು ತುಂಬ ಹಿಂದೆ ಇದೆ. ತಪ್ಪುಗಳು ಎಷ್ಟು ಕಾಲಕ್ಕೆ ಎಷ್ಟು ಸೇರುತ್ತವೆ ಎಂಬ ಅಂದಾಜು ನಮಗಿದೆ. ಅದರ ಪ್ರಕಾರ ಈ ಕುಟುಂಬ ಬೇರೆ ಬೇರೆಯಾದಾಗ ಈ ಕೂಸುಗಳಲ್ಲಿ ಯಾವುದೂ ಹುಟ್ಟೇ ಇರಲಿಲ್ಲ. ಈ ರೋಗಾಣು ಆ ವಾರ್ಡಿನಲ್ಲಿ ತಿಂಗಳುಗಟ್ಟಲೆ ಎಲ್ಲೋ ಮನೆ ಮಾಡಿಕೊಂಡಿದೆ.

ಗೆದ್ದೆ ಎಂದುಕೊಂಡೆ. ಆಡಳಿತಾಧಿಕಾರಿ ತುಂಬ ಮೆತ್ತಗೆ ಕೇಳಿದರು, "ಆ ನರ್ಸ್ ವರ್ಷಗಟ್ಟಲೆಯಿಂದ ಅದೇ ವಾರ್ಡಲ್ಲಿದ್ದಾರಲ್ಲ?"

ಕೈಯ ಮೇಲೆ ರೋಗಾಣು ಅಷ್ಟು ಕಾಲ ನಿಲ್ಲುವುದು ಕಷ್ಟ, ಆದರೆ ಅಸಾಧ್ಯ ಎಂದು ಹೇಳುವ ಹಾಗಿರಲಿಲ್ಲ. ನನ್ನದೇ ವಾದ ತಿರುಗಿ ನಿಮ್ಮ ಕುತ್ತಿಗೆಗೆ ಬಂದಿತ್ತು. ಆಗ ಮೇಡಂ ಬಾಯಿ ಬಿಟ್ಟರು. "ಹಾಗೂ ಇರಬಹುದು. ಈ ಮರ ಅದನ್ನ ಇಲ್ಲ ಅನ್ನಲ್ಲ, ಹೌದು ಅಂತಲೂ ಅನ್ನಲ್ಲ. ಯಾರನ್ನ ಕೂರಿಸಿದ್ದೀರೋ ಅವರ ಸಂಬಂಧ ಮಾತ್ರ ಅದು ಹೇಳುತ್ತೆ. ಕೂರಿಸದೆ ಬಿಟ್ಟೋರ ವಿಷಯ ಹೇಳಲ್ಲ. ಸಿಂಕಿಗೆ ಹತ್ತಿಕಡ್ಡಿ ಆಡಿಸಿದ್ರಾ?" ನಲ್ಲಿಗೆ ಆಡಿಸಿದ್ದೇವೆ ಎಂದರು ಯಾರೋ. "ನಲ್ಲಿ ಅಲ್ಲ. ನೀರು ಇಳಿದು ಹೋಗೋ ತೂತು. ಅದರ ಒಳಗೆ."

ಆಡಿಸಿರಲಿಲ್ಲ.

ಹೊಸ ಸ್ಯಾಂಪಲ್ ಬಂದು, ಬೆಳೆದು, ಯಂತ್ರ ಓದಿ ಮುಗಿಸುವ ತನಕದ ದಿನಗಳನ್ನು ನಾನು ಹೇಗೆ ಕಳೆದೆನೋ. ಒಂದು ಸಂಜೆ ನಿಮ್ಮ ಬೀದಿಯ ತನಕ ಬಂದಿದ್ದೆ. ಮೇಲೆ ಬರಬಾರದು ಎಂದು ನನಗೆ ನಾನೇ ಹೇಳಿಕೊಂಡು, ಎದುರಿನ ಸೈಕಲ್ ರಿಪೇರಿ ಅಂಗಡಿಯ ಪಕ್ಕ ನಿಂತೆ. ನೀವು ಬಾಲ್ಕನಿಯಲ್ಲಿ ಒಗೆದ ಬಟ್ಟೆ ಹರವುತ್ತಿದ್ದಿರಿ. ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡಿದ್ದಿರಿ. ನಿಮ್ಮದೇ ಮನೆಯ ಬಟ್ಟೆ, ಅಣ್ಣನ ಅಂಗಿ, ಅದನ್ನು ಮುಟ್ಟಲು ಗ್ಲೌಸ್. ಒಂದು ಅಂಗಿ ಜಾರಿ ಕೆಳಗೆ ಬೀದಿಗೆ ಬಿತ್ತು. ನೀವು ಬಗ್ಗಿ ನೋಡಿದಿರಿ, ಇಳಿದು ಬರಲಿಲ್ಲ. ಬಿದ್ದ ಅಂಗಿಗೂ ನೀವು ಹೆದರುತ್ತಿದ್ದೀರಿ ಎಂದು ತಿಳಿದಾಗ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮೇಡಂ ಮಾತನ್ನು ಮೀರಿ ಮೆಟ್ಟಿಲು ಹತ್ತಿಬಿಡುತ್ತೇನೆ ಎನಿಸಿ, ಬಂದ ದಾರಿಯಲ್ಲೇ ಬಿರಬಿರನೆ ನಡೆದೆ.

ಎರಡನೆಯ ಮರವನ್ನು ನಾವಿಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಕೂತು ಓದಿದೆವು. ಈ ಸಲ ನಾನು ಗೋಡೆಯ ಕಡೆ ತಿರುಗಲಿಲ್ಲ. ಮರ ಮೂಡುತ್ತ ಹೋದಂತೆ ಮೊದಲು ಅರ್ಥವಾಗಲಿಲ್ಲ, ಅಷ್ಟು ದೊಡ್ಡದಾಗಿತ್ತು. ಸಿಂಕಿನ ತೂತಿನಿಂದ ಬಂದವು ಒಂದೆರಡಲ್ಲ, ಒಂದು ಹಿಂಡೇ ಇತ್ತು. ಅವು ಒಂದೇ ಕೊಂಬೆಯಲ್ಲಿ ಗುಂಪಾಗಿ ಕೂತಿರಲಿಲ್ಲ. ಬೇರಿನ ಹತ್ತಿರದ ಹಳೆಯ ಕೊಂಬೆಗಳಲ್ಲಿ ಅವೇ, ನಡುವೆ ಅವೇ, ತುದಿಯ ತನಕ ಅವೇ. ಕೂಸುಗಳ ರೋಗಾಣುಗಳು ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಎಳೆಯ ಕಡ್ಡಿಗಳ ಹಾಗೆ ಸಿಕ್ಕಿಕೊಂಡಿದ್ದವು. ಒಂದು ಕೂಸಿನದು ಸಿಂಕಿನ ಒಂದು ಕವಲಿಗೆ ಹತ್ತಿರ, ಇನ್ನೊಂದು ಕೂಸಿನದು ಬೇರೆಯೇ ಕವಲಿಗೆ ಹತ್ತಿರ. ಒಂದು ಕೈಯಿಂದ ಎಲ್ಲರಿಗೂ ಹಬ್ಬಿದ್ದರೆ ಕೂಸುಗಳೆಲ್ಲ ಒಂದೇ ಕೊಂಬೆಯಲ್ಲಿ ಕೂತಿರಬೇಕಿತ್ತು. ಹಾಗಿರಲಿಲ್ಲ. ಆ ರೋಗಾಣುವಿನ ತವರು ಆ ಕೊಳವೆ. ಅಲ್ಲಿಂದ ಮತ್ತೆ ಮತ್ತೆ, ಬೇರೆ ಬೇರೆ ಸಲ, ಹೊರಗೆ ಬಂದಿತ್ತು.

ಕಾರಿಡಾರಿನಲ್ಲಿ ಮೇಡಂ ತಮ್ಮ ಹಾಳೆ ಕೊಟ್ಟರು, ನಾನು ನನ್ನದು ಕೊಟ್ಟೆ. ಎರಡರಲ್ಲೂ ಒಂದೇ ಮಾತಿತ್ತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅವರು ಏಳು ಎನ್ನಲಿಲ್ಲ, ಪಕ್ಕದಲ್ಲಿ ನಿಂತಿದ್ದರು.

ಸಿಂಕನ್ನು ಒಡೆದು ತೆಗೆದ ದಿನ ನಾನೂ ಹೋಗಿದ್ದೆ. ನಲ್ಲಿಯ ನೀರು ನೇರವಾಗಿ ತೂತಿನ ಮೇಲೇ ಬೀಳುವ ಹಾಗೆ ಕೂರಿಸಿದ್ದರು. ಅಲ್ಲಿಂದ ಹನಿ ಸಿಡಿದರೆ ಹಾಲಿನ ಬಾಟಲಿಗಳನ್ನಿಡುವ ಮೇಜಿನ ಅಂಚಿನ ತನಕ ಹೋಗುತ್ತಿತ್ತು. ಕೊಳವೆಯ ಒಳಮೈ ತುಂಬ ಕಪ್ಪು ಲೋಳೆ. ನೀವೆಲ್ಲ ದಿನಕ್ಕೆ ಎಷ್ಟು ಸಲ ಅಲ್ಲಿ ಕೈ ತೊಳೆದಿದ್ದೀರೋ, ಕೂಸುಗಳಿಗೆ ಏನೂ ಆಗದಿರಲಿ ಎಂದು.

ಇಲ್ಲಿಗೆ ನಿಲ್ಲಿಸಿದರೆ ಇದು ಒಳ್ಳೆಯ ಸುದ್ದಿಯ ಪತ್ರ. ಆಸ್ಪತ್ರೆಯವರೂ ನಿಮಗೆ ಇಷ್ಟನ್ನೇ ಹೇಳಿದ್ದಾರೆ. "ನಿಮ್ಮ ತಪ್ಪಿಲ್ಲ, ಕೆಲಸಕ್ಕೆ ಬನ್ನಿ," ಅಂದಿದ್ದಾರೆ. ನೀವು ಹೋಗಿಲ್ಲ. ಏಕೆಂದರೆ ನಿಮಗೆ ಗೊತ್ತು, ಯಾರೋ ಏನನ್ನೋ ಬಿಟ್ಟು ಹೇಳುತ್ತಿದ್ದಾರೆ ಎಂದು. ಕೂಸಿನ ಮುಖ ನೋಡಿ ಜ್ವರ ಹೇಳುವವರಿಗೆ ಇದು ತಿಳಿಯದೆ ಇದ್ದೀತೇ? ಈ ಮುಂದಿನ ಸಾಲು ಬರೆಯಲು ನನಗೆ ಕೈ ಬರುತ್ತಿಲ್ಲ. ಬರೆಯುತ್ತೇನೆ.

ನಿಮ್ಮ ಕೈಯ ರೋಗಾಣುವೂ ಸಾಹೇಬರ ರಕ್ತದ ರೋಗಾಣುವೂ ಒಂದೇ ಕಡ್ಡಿಯಲ್ಲಿವೆ, ಅತ್ತಿಗೆ. ಅವೆರಡರ ನಡುವೆ ಒಂದಕ್ಷರದ ವ್ಯತ್ಯಾಸವೂ ಇಲ್ಲ.

ಅದು ಸಾಹೇಬರಿಂದ ನಿಮ್ಮ ಕೈಗೆ ಬಂದಿರಬಹುದು. ಅವರ ರಕ್ತ ತೆಗೆದದ್ದು ಮೊದಲು, ನಿಮ್ಮ ಕೈಗೆ ಹತ್ತಿಕಡ್ಡಿ ಆಡಿಸಿದ್ದು ಆಮೇಲೆ. ನಡುವಿನ ದಿನಗಳಲ್ಲಿ ನೀವು ಅವರನ್ನು ಬಿಟ್ಟು ಕದಲಿರಲಿಲ್ಲ. ಹೀಗೇ ಆಗಿರುವ ಸಂಭವ ಹೆಚ್ಚು ಎಂದು ಮೇಡಂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಇಬ್ಬರಿಗೂ ಸಿಂಕಿನಿಂದಲೇ ಬೇರೆ ಬೇರೆಯಾಗಿ ಬಂದಿರಬಹುದು. ಆ ಮೇಜಿನ ಅಂಚಿನಿಂದ ನಿಮ್ಮ ಕೈಗೆ, ನಿಮ್ಮ ಕೈಯಿಂದ ಅವರಿಗೆ ಹೋಗಿರಲೂಬಹುದು. ಅಕ್ಷರಗಳು ಒಂದೇ ಆದಾಗ ಯಾರಿಂದ ಯಾರಿಗೆ ಎಂದು ಮರ ಹೇಳುವುದಿಲ್ಲ. ಅದನ್ನು ಹೇಳಿಸಬೇಕೆಂದು ನಾನು ಎಷ್ಟೋ ಹೊತ್ತು ಕೂತೆ. ಪ್ರತಿ ಕವಲನ್ನೂ ತಿರುಗಿಸಿ ನೋಡಿದೆ. ಅದು ಹೇಳುವುದಿಲ್ಲ, ಎಂದೂ ಹೇಳಲಾರದು. ನಿಮ್ಮಿಂದಲ್ಲ ಎಂದು ಆಣೆ ಮಾಡಿ ಹೇಳಿದರೆ ನೀವು ಒಂದು ದಿನ ನೆಮ್ಮದಿಯಾಗಿರುತ್ತೀರಿ, ಮರುದಿನದಿಂದ ನನ್ನ ಯಾವ ಮಾತನ್ನೂ ನಂಬುವುದಿಲ್ಲ. ನಿಮ್ಮ ನಂಬಿಕೆ ಹೋದರೆ ನನಗೆ ಈ ಊರಿನಲ್ಲಿ ತಾಯಿ ಎನ್ನುವವರು ಯಾರೂ ಉಳಿಯುವುದಿಲ್ಲ. ಈ ಪತ್ರ ಬರೆಯುವಾಗಿನ ನನ್ನ ಭಯವೆಲ್ಲ ಅದೇ.

ಇನ್ನೊಂದು ವಿಷಯ ಇದೆ. ಅದಕ್ಕಾಗಿಯೇ ಈ ಪತ್ರವನ್ನು ಇವತ್ತೇ ಕಳಿಸುತ್ತಿದ್ದೇನೆ.

ಸಾಹೇಬರ ತಾಯಿ ಬಂದಿದ್ದರು. ಹೆರಿಗೆಯಲ್ಲಿ ಅವರ ಪ್ರಾಣಕ್ಕೇ ಬಂದು, ಬೇರೆ ಮಹಡಿಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದವರು. ಎಚ್ಚರವಾಗುವಷ್ಟರಲ್ಲಿ ಮಗು ಇರಲಿಲ್ಲ. ಗಂಡ ಗಾಜಿನಾಚೆಯಿಂದ ನೋಡಿದ್ದಷ್ಟೇ. ಕೂಸುಗಳ ತಂದೆತಾಯಿಯರಿಗೆ ಮರದಲ್ಲಿ ಇರುವುದನ್ನೆಲ್ಲ ಹೇಳಬೇಕು ಎಂದು ಮೇಡಂ ಹಟ ಹಿಡಿದಿದ್ದರು. ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಆ ತಾಯಿಯ ಎದುರು ಕೂತು, ಪ್ರಿಂಟ್ ಮಾಡಿದ ಮರವನ್ನು ಮೇಜಿನ ಮೇಲೆ ಹರಡಿದೆ. ಸಿಂಕಿನ ವಿಷಯ ಹೇಳಿದೆ. ಒಬ್ಬ ಸಿಬ್ಬಂದಿಯ ಕೈಯಲ್ಲಿ ಸಿಕ್ಕಿದ್ದೂ ಮಗುವಿನದೂ ಒಂದೇ, ಯಾರಿಂದ ಯಾರಿಗೆ ಎಂದು ಹೇಳಲಾಗದು, ಅದನ್ನೂ ಹೇಳಿದೆ. ಹೆಸರು ಹೇಳಲಿಲ್ಲ.

ಅವರು ಆ ಕಡ್ಡಿಯ ಮೇಲೆ ಬೆರಳಿಟ್ಟರು. "ಅವನನ್ನ ಎತ್ಕೊಂಡಿದ್ದ ಸಿಸ್ಟರ್ ಅಲ್ವಾ ಇದು?" ಎಂದರು. ನಾನು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಅವರು ಬೈಯುತ್ತಾರೆ, ಅಳುತ್ತಾರೆ, ಮೇಜು ಗುದ್ದುತ್ತಾರೆ ಎಂದು ಕಾದೆ. ಅವರು ಕೇಳಿದ್ದು ಬೇರೆ. "ನಮ್ಮನೇಲಿ ಅವನ ಒಂದು ಫೋಟೋನೂ ಇಲ್ಲ. ಅವನು ಹೇಗೆ ಅಳ್ತಿದ್ದ ಅಂತ ನನಗೆ ಗೊತ್ತಿಲ್ಲ. ಯಾವ ಮಗ್ಗುಲಿಗೆ ಮಲಗ್ತಿದ್ದ, ಬೆರಳು ಕೊಟ್ರೆ ಹಿಡ್ಕೋತಿದ್ನಾ, ಏನೂ ಗೊತ್ತಿಲ್ಲ. ಅವರಿಗೆ ಗೊತ್ತಿರುತ್ತೆ. ನಾನು ಜಗಳಕ್ಕೆ ಬರಲ್ಲ. ಅವನ ವಿಷಯ ಮಾತಾಡೋಕೆ ನನಗೆ ಈ ಭೂಮಿ ಮೇಲೆ ಅವರೊಬ್ಬರೇ ಇರೋದು."

ಆಸ್ಪತ್ರೆಯಲ್ಲಿ ಹೆಡ್ ನರ್ಸನ್ನೂ ಅವರು ಇದನ್ನೇ ಕೇಳಿದ್ದಾರೆ. ಭಾನುವಾರ ಬೆಳಗ್ಗೆ ನಿಮ್ಮಲ್ಲಿಗೆ ಬರಲು ಸಿದ್ಧರಿದ್ದಾರೆ. ನೀವು ಬೇಡ ಎಂದರೆ ಬರುವುದಿಲ್ಲ, ಇನ್ನೊಮ್ಮೆ ಕೇಳುವುದೂ ಇಲ್ಲ, ಹಾಗೆ ಅವರೇ ಹೇಳಿ ಕಳಿಸಿದ್ದಾರೆ. ನಿಮಗೆ ಎಷ್ಟು ಭಯವಾಗುತ್ತಿರಬಹುದು ಎಂದು ನನಗೆ ಗೊತ್ತು. ಅವರಿಗೂ ಅಷ್ಟೇ ಭಯವಿದೆ. ಹೊರಡುವಾಗ ಬಾಗಿಲ ಹತ್ತಿರ ನಿಂತು, "ಅವರು ಅವನನ್ನ ಮರೆತಿರಲ್ಲ ಅಲ್ವಾ?" ಎಂದು ಕೇಳಿದರು. ಆ ಒಂದು ಪ್ರಶ್ನೆಗೆ ಮಾತ್ರ ನಾನು ಯಾವ ಮರವನ್ನೂ ನೋಡದೆ ಉತ್ತರ ಕೊಟ್ಟೆ.

ಹರಸುವಷ್ಟು ದೊಡ್ಡವಳಲ್ಲ ನಾನು. ಆದರೂ ಈ ಒಂದು ಸಲ ಹರಸುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಭಾನುವಾರ ಆ ತಾಯಿಯ ಎದುರು ಕೂರುವಷ್ಟು ಗಟ್ಟಿ ಜೀವ ನಿಮ್ಮದಾಗಲಿ. ಅವರಿಗೆ ಅವರ ಮಗನನ್ನು ತೋರಿಸಿ.

ಎಂದೆಂದಿಗೂ ನಿಮ್ಮವಳೇ ಆದ,
ನಾದಿನಿ